ಕೆನ್ನೆಯ ಮೇಲಿನ ಸ್ಕೇಲು

ಸ್ಕೇಲು ಸೊಟ್ಟಗಿದೆ, ಮಗು ತಲೆ ಕೊಡವಿರಬೇಕು, ಇಲ್ಲವೇ ಫೋಟೋ ತೆಗೆಯುವ ಸಿಸ್ಟರ್‌ಗೆ ಎಂದಿನ ಅವಸರ, ಕೆನ್ನೆಯ ಮೇಲೆ ನೆಟ್ಟಗೆ ಮಲಗಬೇಕಾದ ಕಾಗದದ ಪಟ್ಟಿ ಮೇಲಕ್ಕೆ ಜಾರಿ ಕಣ್ಣಿನ ಕೆಳರೆಪ್ಪೆಗೆ ಒತ್ತಿಕೊಂಡು ನಿಂತುಬಿಟ್ಟಿದೆ, ಹೀಗೆ ಹಿಡಿದರೆ ಮಚ್ಚೆ ಅಳೆಯುವುದು ಎಲ್ಲಿಂದ, ಎಷ್ಟು ಸಲ ಹೇಳಿದ್ದಾಳೆ, ಸಿಸ್ಟರ್, ಮಚ್ಚೆ ಪಕ್ಕ ಇಡಿ ಸ್ಕೇಲು, ಅದನ್ನ ಊರೆಲ್ಲಾ ಸುತ್ತಿಸ್ಬೇಡಿ, ಹೇಳಿದಾಗಲೆಲ್ಲ ಆಕೆ ನಕ್ಕು ಆಯ್ತು ಸ್ಕೇಲಕ್ಕ ಎನ್ನುತ್ತಾಳೆ, ಮರುದಿನ ಮತ್ತೆ ಅದೇ ಕಥೆ — ಸ್ಕೇಲಕ್ಕ ಎಂಬ ಹೆಸರು ಅಂಟಿಕೊಂಡು ಎಷ್ಟು ಕಾಲವಾಯಿತೆಂದರೆ ಸ್ವಂತ ಹೆಸರಿನಿಂದ ಯಾರಾದರೂ ಕರೆದರೆ ಅವಳು ತಿರುಗಿ ನೋಡುವುದಿಲ್ಲ, ಚರ್ಮದ ಆಸ್ಪತ್ರೆಯ ಮೇಲಿನ ಮಹಡಿಯ ಈ ಕೋಣೆಯಲ್ಲಿ ಕೂತು, ಕೆಳಗಿನ ಲೇಸರ್ ಕೋಣೆಯಿಂದ ಬರುವ ಫೋಟೋಗಳನ್ನು ಅಳೆಯುವುದು ಅವಳ ಉದ್ಯೋಗ, ರಕ್ತನಾಳಗಳು ಹೆಣೆದುಕೊಂಡು ಚರ್ಮದ ಮೇಲೆ ಮೂಡುವ ಕೆಂಪು ಮಚ್ಚೆಗಳು, ಉದ್ದ ಇಷ್ಟು, ಅಗಲ ಇಷ್ಟು, ಗುಣಿಸಿದರೆ ಚದರ ಸೆಂಟಿಮೀಟರ್, ಹತ್ತರೊಳಗಿದ್ದರೆ ಒಂದು ಕೋಡ್, ಐವತ್ತರವರೆಗೆ ಇನ್ನೊಂದು, ಐವತ್ತು ದಾಟಿದರೆ ಮತ್ತೊಂದು, ಕೋಡ್ ಕೂತರೆ ಬಿಲ್ಲು, ಬಿಲ್ಲು ಹೋದರೆ ವಿಮೆಯವರು, ವಿಮೆಯವರು ಹೂಂ ಎಂದರೆ ಎಲ್ಲರಿಗೂ ಊಟ, ಗಂಡ ತಮಾಷೆ ಮಾಡುತ್ತಾನೆ, ನಿನ್ಗೆ ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಟ್ರೂ ಎಷ್ಟು ಚದರ ಸೆಂಟಿಮೀಟರ್ ಅಂತ ಕೇಳ್ತೀಯ, ಕೇಳುತ್ತಾಳೆ, ಏಕೆ ಕೇಳಬಾರದು, ಮಹಾಶಯ ಮೂಲೆಗಳಿಗೆ ಬೆಣ್ಣೆ ಮುಟ್ಟಿಸುವುದೇ ಇಲ್ಲ. ಈ ಫೋಟೋ ಮತ್ತೆ ತೆಗೆಸಬೇಕು, ಬಂಗಾರಿಯ ಫೋಟೋ, ತಾಯಿ ಕರೆಯುವ ಹೆಸರು ಅದು, ಎಂಟು ತಿಂಗಳ ಕೂಸು, ಇವತ್ತು ಕೊನೆಯ ಲೇಸರ್, ಕೆಳಗೆ ತಾಯಿಯ ತೊಡೆಯ ಮೇಲೆ ಕೂತಿರಬೇಕು, ಸಿಸ್ಟರ್‌ಗೆ ಫೋನ್ ಮಾಡಲು ಕೈ ಚಾಚಿದಳು, ಚಾಚುತ್ತಿರುವಾಗಲೇ ರೂಢಿಯಂತೆ ನೋಟ ಸ್ಕೇಲಿನ ಮೇಲೆ ಏನು ಕೂತಿದೆಯೋ ಅದನ್ನು ಓದಿಬಿಟ್ಟಿತು, ಹದಿಮೂರು.

ಹದಿಮೂರು ಮಿಲಿಮೀಟರ್, ಯಾವುದು, ಮಚ್ಚೆಯಲ್ಲ, ಸ್ಕೇಲಿನ ಮೇಲೆ ಕೂತಿರುವುದು ಕಣ್ಣು, ಎಡಗಣ್ಣಿನ ಕರಿಗುಡ್ಡೆ, ಬಿಳಿಯ ನಡುವೆ ದುಂಡಗೆ, ಒಂದು ಅಂಚು ಸರಿಯಾಗಿ ಸೊನ್ನೆಯ ಗೆರೆಗೆ, ಯಾರೋ ಬೇಕೆಂದೇ ಹೊಂದಿಸಿಟ್ಟ ಹಾಗೆ, ಇನ್ನೊಂದು ಅಂಚು ಹದಿಮೂರಕ್ಕೆ, ಸರಿ, ಇದ್ದರೆ ಇರಲಿ, ಕಣ್ಣಿಗೆ ಕೋಡ್ ಹಾಕುವವರು ಬೇರೆ, ಅದು ಬೇರೆ ಆಸ್ಪತ್ರೆಯವರ ತಲೆನೋವು — ಆದರೂ ಕೈ ಫೋನಿನಿಂದ ಹಿಂದೆ ಬಂತು, ಹಳೆಯ ಫೋಟೋಗಳನ್ನು ತೆರೆಯಿತು, ಪ್ರತಿ ಸಲವೂ ತೆರೆಯಲೇಬೇಕು, ಮಚ್ಚೆ ಕುಗ್ಗಿದೆ ಎಂದು ತೋರಿಸದಿದ್ದರೆ ವಿಮೆಯವರು ಒಪ್ಪುವುದಿಲ್ಲ, ಮೊದಲನೆಯದು, ಎರಡನೆಯದು, ಮೂರನೆಯದು, ಪರದೆಯ ಮೇಲೆ ಸಾಲಾಗಿ, ಹಣೆಯಿಂದ ಇಳಿದು ಮೇಲ್ರೆಪ್ಪೆ ದಾಟಿ ಕೆನ್ನೆಗೆ ಬಂದ ಕೆಂಪು, ಮೊದಲು ದ್ರಾಕ್ಷಿಯ ರಸ ಚೆಲ್ಲಿದಂತೆ ಗಾಢವಾಗಿತ್ತು, ಆಮೇಲೆ ತಿಳಿಯಾಯಿತು, ಅಂಚುಗಳಲ್ಲಿ ಹರಿದು ತುಂಡುತುಂಡಾಯಿತು, ಲೇಸರ್ ಮಾಡುವ ಡಾಕ್ಟರಮ್ಮನ ಕೈಗುಣವೇ ಕೈಗುಣ, ಮಚ್ಚೆ ಕುಗ್ಗುತ್ತಿದೆ, ಕುಗ್ಗುತ್ತಿದೆ, ಕಣ್ಣು — ಮೌಸಿನಿಂದ ಒಂದು ಗೆರೆ ಎಳೆದು ಕೆನ್ನೆಯ ಸ್ಕೇಲಿನವರೆಗೆ ಇಳಿಸಿದಳು, ಸುಮ್ಮನೆ, ನೋಡೋಣವೆಂದು, ಮೊದಲನೆಯದರಲ್ಲಿ ಹನ್ನೊಂದು, ಗೆರೆ ನೆಟ್ಟಗಿಲ್ಲವೇನೋ, ಇನ್ನೊಮ್ಮೆ, ಹನ್ನೊಂದೇ, ಎರಡನೆಯದರಲ್ಲಿ ಹನ್ನೊಂದೂವರೆ, ಮೂರನೆಯದರಲ್ಲಿ ಹನ್ನೆರಡನ್ನು ಮುಟ್ಟಿ ಒಂದು ಕೂದಲಿನಷ್ಟು ಆಚೆ, ಇವತ್ತು ಹದಿಮೂರು, ಮಕ್ಕಳು ಬೆಳೆಯುತ್ತವೆ, ಬೆಳೆಯಬೇಡವೇ, ಅವಳ ಮಗಳಿಗೆ ಶಾಲೆ ಶುರುವಾದಾಗ ಕೊಂಡ ಶೂ ರಜೆ ಬರುವಷ್ಟರಲ್ಲಿ ಕಚ್ಚುತ್ತಿತ್ತು, ಆದರೆ ಕಣ್ಣು ಕಾಲಿನ ಹಾಗೆ ಬೆಳೆಯುವುದಿಲ್ಲ, ಅದನ್ನು ಎಲ್ಲೋ ಓದಿದ್ದಾಳೆ, ಎಲ್ಲೋ ಏನು, ವಿಮೆಯವರ ನಿಯಮದ ಹಾಳೆಯಲ್ಲೇ, ಮಚ್ಚೆ ಮೇಲ್ರೆಪ್ಪೆಗೆ ತಾಗಿದ್ದರೆ ಅಂಥದೇ ನಾಳಗಳು ಕಣ್ಣಿನೊಳಗೂ ಇರಬಹುದು, ಒಳಗಿನ ಒತ್ತಡ ಏರಬಹುದು, ಕೂಸಿನ ಕಣ್ಣು ಮೆತ್ತಗಿರುವುದರಿಂದ ಒತ್ತಡಕ್ಕೆ ಹಿಗ್ಗುತ್ತದೆ, ಹಿಗ್ಗುತ್ತ ಹಿಗ್ಗುತ್ತ ನೋಟ ಹೋಗುತ್ತದೆ, ಆದ್ದರಿಂದ ಮೊದಲೇ ಕಣ್ಣಿನ ಡಾಕ್ಟರು ನೋಡಿರಬೇಕು. ನೋಡಿದ್ದಾರೆ, ಈ ಮಗುವನ್ನು ನೋಡಿದ್ದಾರೆ, ಫೈಲಿನಲ್ಲಿದೆ, ಕಣ್ಣಿನ ತಜ್ಞರು ಪರೀಕ್ಷಿಸಿದ್ದಾರೆ, ಒತ್ತಡ ಸಹಜ, ಲೇಸರಿಗೆ ಅಡ್ಡಿಯಿಲ್ಲ, ಓದಿ ನಿಟ್ಟುಸಿರು ಬಿಟ್ಟಳು, ಬಿಟ್ಟ ಉಸಿರು ಅರ್ಧಕ್ಕೇ ನಿಂತಿತು, ಆ ಸಾಲು ಅವಳದೇ.

ಅವಳದು, ಹಾಗೆಂದು ಅವಳ ಬೆರಳು ಬಡಿದದ್ದೂ ಅಲ್ಲ, ಅದು ತಾನಾಗಿ ಬರುವ ಸಾಲು, ಮೇಲ್ರೆಪ್ಪೆಯ ಕೋಡ್ ಒತ್ತಿದರೆ ಬಾಲದಂತೆ ಹಿಂದೆ ಬಂದು ಕೂರುತ್ತದೆ, ಹಾಗೆ ಕೂರುವಂತೆ ಮಾಡಿಟ್ಟವಳು ಅವಳು, ಆಗ ಬಿಲ್ಲುಗಳು ಒಂದರ ಹಿಂದೊಂದು ವಾಪಸ್ ಬರುತ್ತಿದ್ದವು, ಕಣ್ಣಿನ ಪರೀಕ್ಷೆಯ ವಿವರ ಇಲ್ಲ, ತಿರಸ್ಕರಿಸಲಾಗಿದೆ, ಪರೀಕ್ಷೆ ಆಗಿರುತ್ತಿತ್ತು, ಬರೆಯುವುದು ಮರೆತಿರುತ್ತಿತ್ತು, ಡಾಕ್ಟರಮ್ಮನಿಗೆ ಬರೆಯಲು ಪುರುಸೊತ್ತೆಲ್ಲಿ, ಇವಳೇ ತಾಯಂದಿರಿಗೆ ಫೋನ್ ಮಾಡಿ ಕೇಳುವುದು, ಹೂಂ ತೋರ್ಸಿದ್ವಿ ಮೇಡಂ, ಎಲ್ಲಾ ಸರಿ ಇದೆ ಅಂದ್ರು, ಬರೆದು ಮತ್ತೆ ಕಳಿಸುವುದು, ಒಬ್ಬರಾದರೂ ಇಲ್ಲ ಎಂದವರಿಲ್ಲ, ಹಾಗಾದ ಮೇಲೆ ಸಾಲು ಮೊದಲೇ ಇರಲಿ, ಆಮೇಲೆ ಫೋನ್ ಮಾಡಿ ಕೇಳಿದರಾಯಿತು, ಇಲ್ಲವೆಂದರೆ ಅಳಿಸಿದರಾಯಿತು ಎಂದುಕೊಂಡಿದ್ದಳು, ನಿಜವಾಗಿಯೂ ಹಾಗೇ ಅಂದುಕೊಂಡಿದ್ದಳು, ಕೆಲವು ಕಾಲ ಮಾಡಿದಳು ಕೂಡ, ಆಮೇಲೊಂದು ದಿನ ಮೈತುಂಬ ಕೆಲಸ, ನಾಳೆ ಕೇಳೋಣ, ಆ ನಾಳೆ ಬರಲೇ ಇಲ್ಲ, ಸಾಲು ಮಾತ್ರ ಬರುತ್ತಲೇ ಇತ್ತು, ಬಿಲ್ಲುಗಳು ವಾಪಸ್ ಬರುವುದು ನಿಂತಿತು, ಮ್ಯಾನೇಜರು ಕೇಕ್ ತರಿಸಿದರು, ನಮ್ ಸ್ಕೇಲಕ್ಕ ಬಿಟ್ಟಿದ್ದು ಬಿಲ್ಲಲ್ಲಪ್ಪ, ಬಾಣ, ಹೋಯ್ತು ಅಂದ್ರೆ ಹೋಯ್ತು, ಎಲ್ಲರೂ ಚಪ್ಪಾಳೆ ಹೊಡೆದರು, ಡಾಕ್ಟರಮ್ಮನೂ ಒಂದು ತುಂಡು ಬಾಯಿಗಿಟ್ಟುಕೊಂಡು ನೀವಿರೋದ್ರಿಂದ ನಂಗೆ ರಾತ್ರಿ ನಿದ್ದೆ ಬರುತ್ತೆ ನೋಡಿ ಎಂದಿದ್ದರು — ಅದೇ ಡಾಕ್ಟರಮ್ಮ ಮೊದಲೆಲ್ಲ ತಾಯಂದಿರನ್ನು ತಾವೇ ಕೇಳುತ್ತಿದ್ದರು, ಕಣ್ಣು ತೋರ್ಸಿದೀರಾ, ಫೈಲು ತೆರೆದ ಕೂಡಲೇ ಸಾಲು ಕಾಣತೊಡಗಿದ ಮೇಲೆ ಕೇಳುವುದನ್ನು ಬಿಟ್ಟರು, ಬರೆದೇ ಇದೆಯಲ್ಲ, ಅವರು ಕೇಳಿರುತ್ತಾರೆಂದು ಇವಳು, ಇವಳು ಕೇಳಿರುತ್ತಾಳೆಂದು ಅವರು, ವಿಮೆಯವರ ಬಾಯಿ ಮುಚ್ಚಿಸಲು ಬರೆದ ಸಾಲು ಡಾಕ್ಟರಮ್ಮನ ಬಾಯಿಯನ್ನೂ ಮುಚ್ಚಿಸಿದೆ, ಇಷ್ಟು ಕಾಲ ಇದು ಅವಳ ತಲೆಗೆ ಹೊಳೆದೇ ಇರಲಿಲ್ಲ.

ತೋರಿಸಿರಬಹುದು, ಏಕೆ ತೋರಿಸಿರಬಾರದು, ಎಲ್ಲರೂ ತೋರಿಸಿರುತ್ತಾರೆ, ಬಂಗಾರಿಯ ತಾಯಿಯೂ ತೋರಿಸಿಯೇ ಇರುತ್ತಾಳೆ, ಅಷ್ಟು ಜೋಪಾನದ ಹೆಂಗಸು, ಬೆಳಿಗ್ಗೆ ತಾನೇ ಲಿಫ್ಟಿನ ಬಳಿ ಸಿಕ್ಕಿದ್ದಳು, ಬೇಕರಿಯ ಕೆಲಸದ ಅಂಗಿಯಲ್ಲೇ ಬಂದಿದ್ದಳು, ತೋಳಿಗೆ ಹಿಟ್ಟು ಮೆತ್ತಿತ್ತು, ಸ್ಕೇಲಕ್ಕನಿಗೆ ಮುಖಗಳ ಗುರುತು ಸಿಗುವುದಿಲ್ಲ, ಅವಳ ಫೋಟೋಗಳಲ್ಲಿ ಮುಖಗಳಿರುವುದಿಲ್ಲ, ಒಂದು ಕೆನ್ನೆ, ಒಂದು ಕುತ್ತಿಗೆ, ಅರ್ಧ ಹಣೆ, ಆದರೆ ತಾನು ಅಳೆದ ಮಚ್ಚೆ ಎದುರಿಗೆ ಬಂದರೆ ನೆಂಟರ ಹಾಗೆ ಗುರುತು ಹಿಡಿಯುತ್ತಾಳೆ, ಓ ಇದು ನಮ್ದೇ ಮಚ್ಚೆ ಅಲ್ವಾ ಎಂದು ಬಗ್ಗಿದಳು, ತಾಯಿ ನಕ್ಕಳು, ಮಗು ಇಷ್ಟಗಲ ಕಣ್ಣು ಬಿಟ್ಟು ನೋಡಿತು, ಅಬ್ಬಬ್ಬಾ ಎಂಥಾ ಕಣ್ಣು ಪುಟ್ಟಾ ನಿಂದು, ಮುಖಕ್ಕಿಂತ ಕಣ್ಣೇ ದೊಡ್ಡದಿದೆಯಲ್ಲೇ — ಅಂದಿದ್ದಳು, ಇದೇ ಬಾಯಿ, ತಾಯಿಯ ಮುಖ ಅರಳಿತು, ಎಲ್ರೂ ಅದೇ ಅಂತಾರೆ ಅಕ್ಕ, ಮೊದ್ಲೆಲ್ಲಾ ಮಚ್ಚೆ ನೋಡಿ ಅಯ್ಯೋ ಅನ್ನೋರು, ಈಗ ಕಣ್ಣು ನೋಡಿ ಅಯ್ಯೋ ಅಂತಾರೆ, ಬಿಸಿಲಿಗೆ ಕರ್ಕೊಂಡ್ ಹೋದ್ರೆ ಮಾತ್ರ ನನ್ ಹೆಗಲಲ್ಲಿ ಮುಖ ಹುದುಗಿಸ್ಕೊಂಡ್ ಬಿಡ್ತಾಳೆ, ತುಂಬಾ ನಾಚಿಕೆ, ಈ ಕಣ್ಣಲ್ಲಿ ಸುಮ್ಸುಮ್ನೆ ನೀರು ಬೇರೆ, ಅಳೋದೇ ಬೇಡ, ತಾನಾಗೇ ಸುರಿಯುತ್ತೆ, ಆಗ ಸ್ಕೇಲಕ್ಕ ಏನು ಹೇಳಿದಳು, ಹೇಳಿದ್ದು ಈಗ ಕಿವಿಯಲ್ಲಿ ಕೂಗುತ್ತಿದೆ, ನನ್ ಮಗಳೂ ಹಾಗೇ ಇದ್ಲು ಬಿಡಮ್ಮ, ಯಾರ್ ಬಂದ್ರೂ ನನ್ ಕತ್ತಲ್ಲಿ ಅಡಗ್ತಿದ್ಲು, ಈಗ ನೋಡು, ಬಾಯಿಗೆ ಬೀಗ ಹಾಕಿದ್ರೂ ನಿಲ್ಲಲ್ಲ, ಇಬ್ಬರೂ ನಕ್ಕಿದ್ದರು, ಲಿಫ್ಟಿನ ಬಾಗಿಲು ತೆರೆಯಿತು, ಒಳಗಿನ ದೀಪ ಮುಖಕ್ಕೆ ಬಿದ್ದಿತು, ಮಗು ಥಟ್ಟನೆ ತಿರುಗಿ ಹೆಗಲಿಗೆ ಮುಖ ಒತ್ತಿತು, ನೋಡಿದ್ರಾ ನಾಚ್ಕೊಂಡ್ಲು ಎಂದಳು ತಾಯಿ, ನಾಚಿಕೆಯಲ್ಲ, ಅದು ನಾಚಿಕೆಯಲ್ಲವೇ ಅಲ್ಲ, ಆ ಬೆಳಕು ಮಗುವಿಗೆ ಚುಚ್ಚುತ್ತಿತ್ತು.

ಕಪ್ಪು ನೆನಪಾಯಿತು, ಬಣ್ಣದ ಕಪ್ಪಲ್ಲ, ಕಣ್ಣಿಗೆ ಹಾಕುವ ಕಪ್, ಲೇಸರಿನ ಬೆಳಕು ಒಳಗೆ ಹೋಗದಂತೆ ರೆಪ್ಪೆಯಡಿ ಇಡುವ ಪುಟ್ಟ ಲೋಹದ ಬಟ್ಟಲು, ಅದಕ್ಕೂ ಬಿಲ್ಲಿದೆ, ಅದಕ್ಕೂ ಸೈಜಿದೆ, ಹೋದ ಸಲ ಫೋಟೋ ಸಿಸ್ಟರ್ ಊಟದ ಹೊತ್ತಿನಲ್ಲಿ ಬಂದು ಮೇಜಿಗೊರಗಿ ಹೇಳಿದ್ದಳು, ಸ್ಕೇಲಕ್ಕ, ಬಂಗಾರಿಗೆ ಚಿಕ್ಕ ಕಪ್ಪು ಅಂತ ಹಾಕಿದ್ರೆ ಅಳಿಸ್ಬಿಡಿ, ಕೂರ್ಲಿಲ್ಲ, ಬಿಗಿಯಾಯ್ತು, ದೊಡ್ದು ಹಾಕ್ದೆ, ಚಿಕ್ಕದ್ದನ್ನು ಅಳಿಸಿ ದೊಡ್ಡದೆಂದು ಬರೆಯುತ್ತ ಸ್ಕೇಲಕ್ಕ ಅಂದದ್ದು, ಬೆಳೀಲಿ ಬಿಡಿ ಕೂಸು, ನಾಳೆ ಶೂ ಸೈಜೂ ಬದ್ಲಾಗುತ್ತೆ, ಇಬ್ಬರೂ ನಕ್ಕಿದ್ದರು, ಎಲ್ಲದಕ್ಕೂ ನಕ್ಕಿದ್ದಾರೆ, ಇದೇನು ಕಣ್ಣು ಮುಚ್ಚಿ ಮಾಡುವ ಕೆಲಸವೇ, ದಿನಾ ನೋಡುವುದೇ ಕೆಲಸ, ಸಿಸ್ಟರ್ ನೋಡಿದ್ದು ಕಪ್ಪನ್ನು, ಡಾಕ್ಟರಮ್ಮ ನೋಡಿದ್ದು ಮಚ್ಚೆಯನ್ನು, ಇವಳು ನೋಡಿದ್ದು ಸ್ಕೇಲನ್ನು, ಎಲ್ಲ ಫೋಟೋದಲ್ಲೂ ಮೂಲೆಯಲ್ಲಿ ಕಣ್ಣಿತ್ತು, ಇವಳತ್ತಲೇ ನೋಡುತ್ತಿತ್ತು, ಪ್ರತಿ ಸಲ ಸ್ವಲ್ಪ ದೊಡ್ಡದಾಗಿ ನೋಡುತ್ತಿತ್ತು — ಅವಳು ಮತ್ತೆ ಪರದೆ ನೋಡಿದಳು, ನೋಡಬಾರದೆಂದುಕೊಂಡು ನೋಡಿದಳು, ಕಾಗದದ ಪಟ್ಟಿಯ ಮೇಲೆ ಒಂದು ಕಣ್ಣು, ಸೊನ್ನೆಗೆ ಒಂದು ಅಂಚು, ಇನ್ನೊಂದು ಅಂಚು ಹದಿಮೂರಕ್ಕೆ, ಹನಿಯೊಂದು ರೆಪ್ಪೆಯಿಂದ ಇಳಿದು ಐದರ ಗೆರೆಯನ್ನು ಅಳಿಸಿದೆ.

ಫೋನ್ ಎತ್ತಿದಳು, ಸಿಸ್ಟರ್, ಆ ಮಗು ಎಡಗಣ್ಣು ಸ್ವಲ್ಪ ದೊಡ್ದಿದೆ ಅನ್ಸುತ್ತೆ ಫೋಟೋದಲ್ಲಿ, ಡಾಕ್ಟರಮ್ಮಂಗೆ ಒಂದ್ ಮಾತು ಹೇಳಿ, ಆ ಕಡೆ ಏನೋ ಮಾತು, ಯಂತ್ರದ ಗುಂಯ್‌ಗುಡುವಿಕೆ, ಸಿಸ್ಟರ್ ಮತ್ತೆ ಬಂದಳು, ಹೇಳ್ದೆ ಸ್ಕೇಲಕ್ಕ, ಫೈಲ್ ನೋಡಿದ್ರು, ಕಣ್ಣಿನೋರು ನೋಡಿದಾರಂತೆ, ಒತ್ತಡ ಸರಿ ಇದೆಯಂತೆ, ನೀವೇ ಬರ್ದು ನೀವೇ ಮರ್ತ್ರಾ ಅಂತ ನಗ್ತಿದಾರೆ, ಮರಗಟ್ಟೋ ಹನಿ ಹಾಕಾಯ್ತು, ಈಗ ಶುರು ಮಾಡ್ತೀವಿ, ಇಡ್ಲಾ, ಇಟ್ಟಳು, ಇವಳ ಕೈಯಲ್ಲಿ ಫೋನು ಹಾಗೇ ಉಳಿಯಿತು, ಅವಳ ಸಾಲೇ ಅವಳಿಗೆ ಉತ್ತರ ಹೇಳಿತು, ಗೋಡೆಗೆ ಎಸೆದ ಚೆಂಡು ಮೂಗಿಗೇ ಬಂದು ಬಡಿದ ಹಾಗೆ. ಇವತ್ತು ಮುಗಿದರೆ ಮುಗಿಯಿತು, ಕೊನೆಯದು, ಮುಂದಿನ ಸಲ ಎಂಬುದಿಲ್ಲ, ತಾಯಿ ಮಗುವನ್ನೆತ್ತಿಕೊಂಡು ಮನೆಗೆ ಹೋಗುತ್ತಾಳೆ, ಬಿಳುಪಾದ ಕೆನ್ನೆಯನ್ನು ಬೇಕರಿಯವರಿಗೆಲ್ಲ ತೋರಿಸುತ್ತಾಳೆ, ಎಲ್ಲರೂ ಎಂಥಾ ಕಣ್ಣು ಎನ್ನುತ್ತಾರೆ, ಇನ್ನು ಯಾರೂ ಫೋಟೋ ತೆಗೆಯುವುದಿಲ್ಲ, ಯಾರೂ ಅಳೆಯುವುದಿಲ್ಲ. ಸಾಲನ್ನು ಅಳಿಸಿಬಿಟ್ಟರೆ, ಮೌಸು ಆಗಲೇ ಅದರ ಮೇಲೆ ನಿಂತಿದೆ, ಯಾವಾಗ ಹೋಯಿತೋ ಅವಳಿಗೇ ಗೊತ್ತಿಲ್ಲ, ಒಂದು ಒತ್ತು, ಸಾಲು ಮಾಯ, ಆಮೇಲೆ ಮತ್ತೆ ಫೋನ್ ಮಾಡಿ, ಇಲ್ವಲ್ಲಾ ಡಾಕ್ಟರಮ್ಮ ಫೈಲಲ್ಲಿ, ಇನ್ನೊಮ್ಮೆ ನೋಡಿ — ಥೂ, ಎಂಥಾ ಬುದ್ಧಿ, ಎಲ್ಲಿ ಅಡಗಿ ಕೂತಿತ್ತು ಇದು, ಅವರು ಈಗಷ್ಟೇ ಓದಿದ್ದಾರೆ, ಮಗುವಿನ ಕಣ್ಣು ಹೋಗುತ್ತಿದೆ, ಅವಳಿಗೆ ತನ್ನ ಕುರ್ಚಿಯ ಚಿಂತೆ, ಹೌದು, ಚಿಂತೆ, ಹೆದರಿಕೆ, ಕೆಲಸ ಹೋಗುತ್ತದೆ, ಪೋಲೀಸರು ಬರುತ್ತಾರೋ ಏನೋ, ಸುಳ್ಳು ಬರೆದರೆ ಬರುತ್ತಾರೆ, ಬೆನ್ನು ನೋವಿನಿಂದ ಗಂಡ ವ್ಯಾನು ಓಡಿಸುವುದು ಬಿಟ್ಟ ಮೇಲೆ ಮನೆ ನಡೆಯುವುದು ಇವಳ ಕೈಯಿಂದ, ಮಗಳು ಕೇಳುತ್ತಾಳೆ, ಅಮ್ಮ ನೀನ್ಯಾಕೆ ಇವತ್ತು ಬೇಗ ಬಂದೆ, ಏನು ಹೇಳುವುದು, ಕಣ್ಣು ದೊಡ್ಡದಿದೆ ಎಂದರೆ ಯಾರೂ ನಂಬುವುದಿಲ್ಲ, ಸಾಲು ಸುಳ್ಳೆಂದರೆ ಮಾತ್ರ ನಂಬುತ್ತಾರೆ, ಬೇರೆ ದಾರಿಯೇ ಇಲ್ಲ, ತನ್ನನ್ನು ಉಳಿಸಿಕೊಂಡು ಆ ಕಣ್ಣನ್ನು ಉಳಿಸುವ ದಾರಿ ಎಷ್ಟು ತಡಕಾಡಿದರೂ ಸಿಗಲಿಲ್ಲ.

ಎದ್ದಳು, ಎದ್ದದ್ದು ಗೊತ್ತಾಗಲಿಲ್ಲ, ಕುರ್ಚಿ ಹಿಂದಕ್ಕೆ ಉರುಳಿ ಗೋಡೆಗೆ ಬಡಿದಾಗ ಗೊತ್ತಾಯಿತು, ಲಿಫ್ಟು ಎಲ್ಲೋ ಮೇಲೆ ಹೋಗಿ ಕೂತಿದೆ, ಗುಂಡಿ ಒತ್ತಿದಳು, ಮತ್ತೆ ಒತ್ತಿದಳು, ಅದಕ್ಕೇನು ಇವಳ ಅರ್ಜೆಂಟು, ಮೆಟ್ಟಿಲು, ಮೆಟ್ಟಿಲಿನ ಪಕ್ಕ ಕೈ ತೊಳೆಯುವ ನಲ್ಲಿ, ನಿಂತು ಕೈ ತೊಳೆಯತೊಡಗಿದಳು, ಈಗ ಏಕೆ ಕೈ ತೊಳೆಯುತ್ತಿದ್ದಾಳೆ, ಅಮ್ಮ ಹೇಳುತ್ತಿದ್ದಳು, ಹೆದರ್ಕೆ ಆದ್ರೆ ತಣ್ಣೀರು ಮುಟ್ಟು ಮಗಾ, ಬಾಯಿಗೆ ಬಂದ ಜೀವ ಕೆಳಗಿಳಿಯುತ್ತೆ, ಸುಳ್ಳು, ಇಳಿಯುತ್ತಿಲ್ಲ, ಇದು ಹೆದರಿಕೆ ಕಳೆಯುವುದಲ್ಲ, ಹೊತ್ತು ಕಳೆಯುವುದು, ಇವಳು ಸೋಪು ಉಜ್ಜುತ್ತ ನಿಂತರೆ ಅಲ್ಲಿ ಲೇಸರ್ ಮುಗಿದುಹೋಗುತ್ತದೆ, ಮುಗಿದರೆ ಹೇಳಬೇಕಾಗಿಯೇ ಬರುವುದಿಲ್ಲ, ಅಯ್ಯೋ, ಅದನ್ನೇ ಅಲ್ಲವೇ ಕಾಯುತ್ತಿರುವುದು, ನೊರೆಗೈಯಲ್ಲೇ ಇಳಿದಳು, ತಿರುವಿನಲ್ಲಿ ಮ್ಯಾನೇಜರು ಮೇಲೆ ಬರುತ್ತಿದ್ದಾರೆ, ಏನ್ ಸ್ಕೇಲಕ್ಕ, ಎಲ್ಲಿ ಬೆಂಕಿ ಬಿತ್ತು, ಈ ತಿಂಗ್ಳೂ ಒಂದೇ ಒಂದು ವಾಪಸ್ ಬಂದಿಲ್ಲ ಗೊತ್ತಾ, ಇನ್ನೊಂದ್ ಕೇಕ್ ತರಿಸ್ಬೇಕಾಗುತ್ತೆ ನಿಮ್ ದೆಸೆಯಿಂದ, ಅವಳು ನಕ್ಕಳು, ತುಟಿ ತಾನಾಗಿ ನಕ್ಕಿತು, ಆ ಸಾಲಿನ ಹಾಗೆಯೇ, ಗುಂಡಿ ಒತ್ತಿದರೆ ಬರುವ ನಗು, ಬಂದೆ ಸಾರ್ ಎಂದಳು, ಕೆಳಗಿನ ಹಜಾರ, ಬೆಂಚಿನ ಮೇಲೆ ಮೂಗಿನ ನಾಳಗಳಿಗೆ ಲೇಸರ್ ಮಾಡಿಸಿಕೊಳ್ಳಲು ಬಂದ ದೊಡ್ಡ ಮನುಷ್ಯ, ಮೇಡಂ, ನಂದಿನ್ನೂ ಚಂದಕ್ಕೆ ಅಂತಾನೇ ಹಾಕಿದೀರಾ, ವಿಮೆ ಸಿಗೋ ಹಾಗೆ ಅಗತ್ಯಕ್ಕೆ ಅಂತ ಹಾಕಿ ಅಂದಿದ್ನಲ್ಲ, ಅವನ ಕೆಂಪು ಮೂಗನ್ನು ದಾಟಿದಳು, ಇನ್ನೊಂದು ಕೂಸು, ಇನ್ನೊಂದು ತಾಯಿ, ಆ ಕೂಸಿನ ಹಣೆಯಲ್ಲೂ ಕೆಂಪು, ರೆಪ್ಪೆಯಲ್ಲೂ ಕೆಂಪು, ಅದಕ್ಕೂ ಆ ಸಾಲಿದೆಯೇ, ಇದೆ, ಇರಲೇಬೇಕು, ರೆಪ್ಪೆಯ ಕೋಡ್ ಒತ್ತಿದ ಕಡೆಯೆಲ್ಲ ಇದೆ, ಈಗ ಬೇಡ, ಅದನ್ನು ಈಗ ಎಣಿಸಬೇಡ, ಮೊದಲು ಈ ಬಾಗಿಲು.

ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿದೆ, ದೀಪ ಉರಿಯುವಾಗ ಯಾರೂ ಒಳಗೆ ಹೋಗುವಂತಿಲ್ಲ, ಹದಿನೈದು ವರ್ಷದ ನೌಕರಿಯಲ್ಲಿ ಅವಳು ಒಂದೂ ನಿಯಮ ಮೀರಿದವಳಲ್ಲ, ಹಾಗೆಂದು ನಿನ್ನೆಯವರೆಗೂ ಎಲ್ಲರಿಗೂ ಹೇಳಿಕೊಳ್ಳುತ್ತಿದ್ದಳು, ಕೊಕ್ಕೆಗೆ ನೇತುಹಾಕಿದ ಬಣ್ಣದ ಕನ್ನಡಕ ಎಳೆದು ಹಾಕಿಕೊಂಡಳು, ತಳ್ಳಿದಳು, ಒಳಗೆಲ್ಲ ನೀಲಿ, ನೀಲಿ ಡಾಕ್ಟರಮ್ಮ, ನೀಲಿ ಸಿಸ್ಟರ್, ಸಿಸ್ಟರ್‌ನ ಬೆರಳ ತುದಿಯಲ್ಲಿ ಲೋಹದ ಕಪ್ಪು, ತಾಯಿಯ ತೋಳಿನಲ್ಲಿ ಬಟ್ಟೆ ಸುತ್ತಿದ ಮಗು, ಏನ್ರೀ ಇದು, ದೀಪ ಕಾಣ್ಸಲ್ವಾ ಎಂದರು ಡಾಕ್ಟರಮ್ಮ, ಗದರಿಕೆಯಲ್ಲ, ಅಚ್ಚರಿ, ಕಾಣ್ಸುತ್ತೆ, ನಿಲ್ಸಿ, ಕಪ್ಪು ಹಾಕ್ಬೇಡಿ ಸಿಸ್ಟರ್, ಆ ಸಾಲು — ಯಾವ ಸಾಲು — ಕಣ್ಣಿನ ಡಾಕ್ಟರು ನೋಡಿದಾರೆ ಅನ್ನೋದು, ಅದು ಯಾರೂ ಬರ್ದಿದ್ದಲ್ಲ, ತಾನಾಗೇ ಬರುತ್ತೆ, ನಾನು ಹಾಗೆ ಮಾಡಿಟ್ಟಿದೀನಿ, ಬಿಲ್ಲು ವಾಪಸ್ ಬರಬಾರ್ದು ಅಂತ, ಕೇಳಿ ಹಾಕ್ಬೇಕಿತ್ತು, ಕೇಳಿಲ್ಲ, ಈ ಮಗೂದು ನಾನು ಕೇಳಿಲ್ಲ, ಯಾರೂ ಕೇಳಿಲ್ಲ, ಮಾತು ಮುಗಿಯಿತು, ಇಷ್ಟೇನಾ, ಇಷ್ಟು ಚಿಕ್ಕದಿತ್ತೇ ಅದು, ಡಾಕ್ಟರಮ್ಮ ಕಾಲು ಚಾಚಿ ಯಂತ್ರವನ್ನು ಆರಿಸಿದರು, ಕನ್ನಡಕ ತೆಗೆದರು, ಇವಳತ್ತ ನೋಡಲೇ ಇಲ್ಲ, ತಾಯಿಯತ್ತ ತಿರುಗಿ ತೀರಾ ಮೆತ್ತಗೆ ಕೇಳಿದರು, ಕಣ್ಣಿನ ಡಾಕ್ಟರ ಹತ್ರ ಹೋಗಿದ್ರಿ ಅಲ್ವಾಮ್ಮ, ಹೋಗಿದ್ದೆ ಅನ್ನು, ಸ್ಕೇಲಕ್ಕ ಮನಸ್ಸಿನಲ್ಲಿ ಕಾಲಿಗೆ ಬಿದ್ದಳು, ಹೋಗಿದ್ದೆ ಅನ್ನು ತಾಯಿ, ಎಲ್ಲರೂ ಹೋಗಿರುತ್ತಾರೆ, ನೀನೂ ಹೋಗಿರುತ್ತೀಯ, ತಾಯಿ ಒಬ್ಬರಿಂದ ಒಬ್ಬರಿಗೆ ನೋಡಿದಳು, ಯಾವ ಕಣ್ಣಿನ ಡಾಕ್ಟ್ರು, ನೀವೇ ಅಲ್ವಾ ನೋಡ್ತಿರೋದು, ನೀವು ಹೋಗು ಅಂದಿದ್ರೆ ಅವತ್ತೇ ಹೋಗ್ತಿದ್ದೆನಲ್ಲ ನಾನು, ಏನಾಯ್ತು, ಏನಾಗಿದೆ ನನ್ ಬಂಗಾರಿ ಕಣ್ಣಿಗೆ.

ಕನ್ನಡಕ ತೆಗೀರಿ ಎಂದರು ಡಾಕ್ಟರಮ್ಮ, ಇವಳಿಗೆ ಎಂದು ತಿಳಿಯಲು ಹೊತ್ತು ಹಿಡಿಯಿತು, ತೆಗೆದಳು, ನೀಲಿ ಹೋಗಿ ಎಲ್ಲಕ್ಕೂ ಅದರದರ ಬಣ್ಣ ಬಂತು, ಕೆನ್ನೆಯ ತಿಳಿಗೆಂಪು, ತೋಳಿನ ಹಿಟ್ಟು, ಸಿಸ್ಟರ್, ಕಣ್ಣಿನಾಸ್ಪತ್ರೆಗೆ ಫೋನ್ ಮಾಡಿ, ಮಗು ಈಗ್ಲೇ ಬರ್ತಿದೆ ಅನ್ನಿ, ಒತ್ತಡ ಅಳೀಬೇಕು ಅನ್ನಿ, ಎಷ್ಟಿದೆ ಅಂತ ಕೇಳ್ತಾರೆ, ಕರಿಗುಡ್ಡೆ ಎಷ್ಟಗಲ ಇದೆ ಅಂತ ಕೇಳ್ತಾರೆ, ಸ್ಕೇಲ್ ತಗೊಳ್ಳಿ, ಸಿಸ್ಟರ್ ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಿಂದ ಕಾಗದದ ಪಟ್ಟಿ ಚಾಚಿದಳು, ಡಾಕ್ಟರಮ್ಮ ಮಗುವಿನ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡರು, ತಲೆ ನಾನ್ ಹಿಡ್ಕೊಂಡಿರ್ತೀನಿ, ನೀವೇ ಇಡಿ, ನೀವೇ ಓದಿ, ದಿನಾ ಓದೋರು ನೀವೇ ತಾನೆ, ಹೌದು, ದಿನಾ ಓದುವವಳು, ಆದರೆ ಇಷ್ಟು ವರ್ಷದಲ್ಲಿ ಜೀವವಿರುವ ಕೆನ್ನೆಯ ಮೇಲೆ ಅವಳು ಸ್ಕೇಲು ಇಟ್ಟವಳಲ್ಲ, ಕೆನ್ನೆ ಬೆಚ್ಚಗಿತ್ತು, ಅವಳು ಬೆಚ್ಚಿದಳು, ಮೊದಲು ಬಲಗಣ್ಣು, ಹನ್ನೊಂದು ಎಂದಳು, ದನಿ ಬಂತು, ಸಿಸ್ಟರ್ ಫೋನಿನಲ್ಲಿ ಬಲ ಹನ್ನೊಂದು ಎಂದಳು, ಆಮೇಲೆ ಎಡಕ್ಕೆ ಸರಿಸಿದಳು, ರೆಪ್ಪೆಯ ಕೆಳಗೆ ಕಾಗದದ ಅಂಚು, ಮಗು ದೀಪಕ್ಕೆ ಮುಖ ಸಿಂಡರಿಸಿತು, ಡಾಕ್ಟರಮ್ಮ ತಮ್ಮ ತಲೆಯನ್ನು ಅಡ್ಡ ತಂದು ನೆರಳು ಮಾಡಿದರು, ಆ ನೆರಳಿನಲ್ಲಿ ಕಣ್ಣು ತೆರೆಯಿತು, ಇಷ್ಟಗಲ, ಕರಿಗುಡ್ಡೆಯ ಮೇಲೆ ತೆಳುವಾಗಿ ಮಂಜು, ಫೋಟೋದಲ್ಲಿ ಅದು ಕಂಡಿರಲಿಲ್ಲ, ಕನ್ನಡಿಗೆ ಉಸಿರು ಬಿಟ್ಟಂಥ ಮಂಜು, ಅದರೊಳಗಿಂದ ನೋಡುತ್ತಿದೆಯೋ ಇಲ್ಲವೋ, ಇವಳು ತಲೆ ಆಚೀಚೆ ಮಾಡಿದಳು, ಅದು ಹಿಂಬಾಲಿಸಿತೋ ಇಲ್ಲವೋ, ಎಷ್ಟು ಎಂದರು ಡಾಕ್ಟರಮ್ಮ, ಸೊನ್ನೆಯ ಗೆರೆಗೆ ಒಂದು ಅಂಚು, ಎಡ ಎಷ್ಟಂತೆ ಸ್ಕೇಲಕ್ಕ ಎಂದಳು ಸಿಸ್ಟರ್, ಫೋನಿನಲ್ಲಿ ಯಾರೋ ಕಾಯುತ್ತಿದ್ದಾರೆ, ಇನ್ನೊಂದು ಅಂಚು, ತಾಯಿ ಅವಳ ಮೊಣಕೈ ಹಿಡಿದಳು, ಬೆಳಿಗ್ಗೆ ನೀವೇ ಅಂದ್ರಲ್ಲ ಅಕ್ಕಾ ಎಂಥಾ ಕಣ್ಣು ಅಂತ, ಹೇಳಿ ಅಕ್ಕಾ, ಎಷ್ಟಿದೆ, ಹೇಳಬೇಕು, ಹೇಳುತ್ತಾಳೆ, ಬಾಯಿ ತೆರೆದಿದೆ, ಹನಿಯೊಂದು ರೆಪ್ಪೆಯಿಂದ ಕಾಗದಕ್ಕೆ ಇಳಿಯಿತು, ಗೆರೆ ಅಳಿಸಿತು, ಕಾಗದದ ಪಟ್ಟಿ, ಅದರ ಮೇಲೆ ಕಣ್ಣು, ಸೊನ್ನೆಗೆ ಒಂದು ಅಂಚು, ಇನ್ನೊಂದು ಅಂಚು, ಇನ್ನೊಂದು ಅಂಚು —